ಐವತ್ತೆಂಟು ವ್ಯಾಗನ್‌ಗಳ ಪ್ರೇಮಕ್ಕ

ಬೆಳಗಿನ ಆರೂಕಾಲು. ಮುಚ್ಚಿದ ರೈಲ್ವೆ ಗೇಟಿನ ಆ ಬದಿಯಲ್ಲಿ ಹಾಲಿನ ಟೆಂಪೊ, ಈ ಬದಿಯಲ್ಲಿ ಮೀನಿನ ಪೆಟ್ಟಿಗೆ ಕಟ್ಟಿದ ಎರಡು ಬೈಕು ಮತ್ತು ಮದ್ರಸಕ್ಕೆ ಹೊರಟ ಮಕ್ಕಳಿಂದ ತುಂಬಿದ ಒಂದು ರಿಕ್ಷಾ. ಎಲ್ಲರಿಗೂ ಅವಸರ. ಅವಸರವಿಲ್ಲದ ಒಬ್ಬರೇ ಒಬ್ಬರು ಹಳಿಯ ಪಕ್ಕದಲ್ಲಿ ಬಾವುಟ ಹಿಡಿದು ನಿಂತಿದ್ದಾರೆ. ನೀಲಿ ಅಂಗಿ, ಕಿತ್ತಳೆ ಬಣ್ಣದ ಜಾಕೆಟ್, ಬಿಗಿಯಾಗಿ ಕಟ್ಟಿದ ಕೂದಲು. ಇವರು ಬಂಟ್ವಾಳ–ಪುತ್ತೂರು ನಡುವಿನ ಈ ಗೇಟಿನ ಕೀಪರ್ ಪ್ರೇಮಾವತಿ.

ಅದಿರು ಹೊತ್ತ ಗೂಡ್ಸ್ ಗಾಡಿ ತಿರುವಿನಲ್ಲಿ ಕಾಣಿಸುತ್ತದೆ. ನೆಲ ನಡುಗತೊಡಗುತ್ತದೆ. ಗೇಟಿನಲ್ಲಿ ಕಾಯುವ ನಾವೆಲ್ಲ ಇಂಜಿನ್ ನೋಡಿದರೆ, ಪ್ರೇಮಾವತಿ ಸ್ವಲ್ಪ ಮೊಣಕಾಲು ಬಗ್ಗಿಸಿ ವ್ಯಾಗನ್‌ಗಳ ಹೊಟ್ಟೆಯ ಕೆಳಗೆ ನೋಡುತ್ತಾರೆ. ತುಟಿ ಅಲುಗುತ್ತಿರುತ್ತದೆ. ಕೊನೆಯ ಗಾರ್ಡ್ ಡಬ್ಬಿ ದಾಟುವಾಗ ಹಸಿರು ಬಾವುಟ ಬೀಸುತ್ತಾರೆ, ಒಳಗಿನಿಂದಲೂ ಒಂದು ಹಸಿರು ಬಾವುಟ ಬೀಸುತ್ತದೆ. ಗೇಟು ಮೇಲೇಳುತ್ತದೆ. ರಿಕ್ಷಾ, ಬೈಕು, ಟೆಂಪೊ ಒಂದೇ ಸಲ ನುಗ್ಗುತ್ತವೆ.

"ಐವತ್ತೆಂಟು" ಎನ್ನುತ್ತಾರೆ ಅವರು, ನಮ್ಮತ್ತ ತಿರುಗಿ. "ಇಪ್ಪತ್ತಮೂರನೆಯದಕ್ಕೆ ಹೊಸ ಚಕ್ರ ಹಾಕಿದ್ದಾರೆ. ನೋಡಿದ್ರಾ?"

ನಾವು ನೋಡಿರಲಿಲ್ಲ.

ಐವತ್ತೆರಡು ವರ್ಷದ ಪ್ರೇಮಾವತಿಗೆ ಒಂದು ಪಾಳಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ಗಾಡಿ. ಪ್ರತಿ ಗಾಡಿಗೂ ಸ್ಟೇಷನ್ ಮಾಸ್ಟರರ ಫೋನು, ಪುಸ್ತಕದಲ್ಲಿ ಒಂದು ಸಾಲು, ಗೇಟು ಹಾಕುವುದು, ನಿಲ್ಲುವುದು, ನೋಡುವುದು, ಗೇಟು ತೆಗೆಯುವುದು. ಹದಿನೈದು ವರ್ಷಗಳಿಂದ ಇದೇ ಕೆಲಸ. ಆದರೆ ಈ ಲೇಖನ ಅಷ್ಟರ ಬಗ್ಗೆ ಮಾತ್ರ ಅಲ್ಲ. ಗೇಟಿನಲ್ಲಿ ನೋಡಿದ ಅದಿರು ಗಾಡಿಯನ್ನು ಪ್ರೇಮಾವತಿ ಮನೆಗೂ ಕೊಂಡುಹೋಗಿದ್ದಾರೆ. ಐವತ್ತೆಂಟು ವ್ಯಾಗನ್‌ಗಳ ಇಡೀ ಒಂದು ಗಾಡಿ, ಒಂದೊಂದು ವ್ಯಾಗನ್ ಅಂಗೈಯುದ್ದದ ಅಳತೆಯಲ್ಲಿ, ಅವರ ಕೈಯಿಂದಲೇ ತಯಾರಾಗಿ, ಬಿ.ಸಿ. ರೋಡ್ ಸಮೀಪದ ಅವರ ಮೂರು ಕೋಣೆಯ ಮನೆಯಲ್ಲಿದೆ.

ಮನೆಯ ನಡುಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು ಉಂಟು. ಒಂದು ಬಾಗಿಲಿನ ಚಿಲಕ ಇನ್ನೂ ಹಾಗೆಯೇ ಇದೆ. ಅದರ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ. ಪ್ರೇಮಾವತಿ ಸ್ವಿಚ್ಚು ತಿರುಗಿಸುತ್ತಾರೆ. ಎರಡು ಇಂಜಿನ್‌ಗಳು ಗುಂಯ್ ಎನ್ನುತ್ತ ಇಪ್ಪತ್ತು ವ್ಯಾಗನ್‌ಗಳನ್ನು ಎಳೆದುಕೊಂಡು ಹೊರಡುತ್ತವೆ. ಪ್ರತಿ ವ್ಯಾಗನ್‌ನ ಬದಿಗೆ ಉಬ್ಬುಪಟ್ಟಿ, ಬಾಗಿಲು, ಕೈಯಲ್ಲಿ ಬರೆದ ನಂಬರು. ಕೆಳಗೆ ಸ್ಪ್ರಿಂಗು, ಬ್ರೇಕಿನ ಸರಳು. ಬಣ್ಣ ಕೂಡ ಅಂಗಡಿಯಿಂದ ತಂದ ಹೊಸ ಕೆಂಪಲ್ಲ, ಮಳೆಬಿಸಿಲಿಗೆ ಮಾಸಿದ ಕೆಂಪು.

"ಬಾಕಿ ಮೂವತ್ತೆಂಟು ಕಪಾಟಿನಲ್ಲಿ ಉಂಟು. ಎಲ್ಲ ಕಟ್ಟಿದ್ರೆ ಏಳೂವರೆ ಮೀಟರ್ ಆಗ್ತದೆ. ಈ ಮೇಜಿನಲ್ಲಿ ಓಡಿಸ್ಲಿಕ್ಕೆ ಹೋದ್ರೆ ನಾಯಿ ತನ್ನ ಬಾಲ ಹಿಡಿದ ಹಾಗೆ, ಇಂಜಿನ್ ಹೋಗಿ ತನ್ನದೇ ಗಾರ್ಡ್ ಡಬ್ಬಿಗೆ ಗುದ್ದುತ್ತದೆ" ಎಂದು ನಗುತ್ತಾರೆ.

ಈ ಬೆರಳುಗಳು ಮೊದಲು ಕಲಿತದ್ದು ಬೀಡಿ ಕಟ್ಟುವುದನ್ನು. ಹನ್ನೆರಡನೇ ವಯಸ್ಸಿನಿಂದ ಮೂವತ್ತಾರರವರೆಗೆ, ಮಡಿಲಲ್ಲಿ ಬಿದಿರಿನ ಮೊರದಂಥ ಗೆರಸೆ ಇಟ್ಟುಕೊಂಡು, ದಿನಕ್ಕೆ ಸಾವಿರ ಬೀಡಿ. ಗಂಡ ಭೋಜ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ಕೆಲಸ ಮುಗಿಸಿ ಬಂದವರು ಒಂದು ಸಂಜೆ ಎದೆನೋವೆಂದು ಮಲಗಿದರು, ಆಸ್ಪತ್ರೆ ಮುಟ್ಟಲಿಲ್ಲ. ಮಗಳು ಜ್ಯೋತ್ಸ್ನಾಗೆ ಆಗ ಹತ್ತು ವರ್ಷ. ಮುಂದಿನ ವರ್ಷ ಅನುಕಂಪದ ಆಧಾರದಲ್ಲಿ ಪ್ರೇಮಾವತಿಗೆ ಕೆಲಸ ಸಿಕ್ಕಿತು. ಹತ್ತನೇ ತರಗತಿ ಪಾಸಾಗಿದ್ದದ್ದು ಉಪಕಾರಕ್ಕೆ ಬಂತು.

"ಸುರುವಿಗೆ ಗಾಡಿ ಬರುವಾಗ ಕಣ್ಣು ಮುಚ್ಚಿಕೊಳ್ತಿದ್ದೆ. ಅಷ್ಟು ಹೆದರಿಕೆ" ಎನ್ನುತ್ತಾರೆ. "ಆಗ ಅದಿರು ಗಾಡಿಗಳು ಒಂದರ ಹಿಂದೆ ಒಂದು. ದಿನಕ್ಕೆ ಏಳೆಂಟು. ಕಣ್ಣು ಮುಚ್ಚಿದ್ರೆ ಸಂಬಳ ಕೊಡ್ತಾರಾ? ಹೆದರಿಕೆ ಹೋಗ್ಲಿಕ್ಕೆ ಲೆಕ್ಕ ಮಾಡ್ಲಿಕ್ಕೆ ಸುರು ಮಾಡಿದೆ. ಒಂದು, ಎರಡು, ಮೂರು. ಐವತ್ತೆಂಟು ಮುಟ್ಟುವಾಗ ಗಾಡಿಯೂ ಇಲ್ಲ, ಹೆದರಿಕೆಯೂ ಇಲ್ಲ."

ಮೊದಲ ವ್ಯಾಗನ್ ಹುಟ್ಟಿದ್ದು ಒಂದು ಅವಮಾನದಿಂದ. ಜ್ಯೋತ್ಸ್ನಾ ಏಳನೆಯಲ್ಲಿದ್ದಾಗ ಶಾಲೆಯಲ್ಲಿ ವಾಹನಗಳ ಮಾದರಿ ಮಾಡಿಕೊಂಡು ಬರಲು ಹೇಳಿದ್ದರು. ಬೇರೆ ಮಕ್ಕಳು ಬಸ್ಸು, ವಿಮಾನ ಮಾಡಿದರೆ ತಾಯಿ–ಮಗಳು ರಟ್ಟಿನಲ್ಲಿ ಅದಿರಿನ ವ್ಯಾಗನ್ ಮಾಡಿದರು. ತೀರ್ಪುಗಾರರಾಗಿ ಬಂದವರು ಅದನ್ನು ಎತ್ತಿ ತಿರುಗಿಸಿ ನೋಡಿ, "ಕಸದ ತೊಟ್ಟಿ ಚಂದ ಉಂಟು ಮಗಾ" ಎಂದರಂತೆ.

"ಅವಳು ಅತ್ತುಕೊಂಡು ಬಂದ್ಲು. ನನಗೆ ಅವರ ಮೇಲೆ ಸಿಟ್ಟು ಬರ್ಲಿಲ್ಲ. ನೋಡಿದ್ರೆ ಹೌದು, ಕಸದ ತೊಟ್ಟಿಯ ಹಾಗೇ ಇತ್ತು! ದಿನಾ ನೋಡ್ತೇನೆ, ಆದ್ರೆ ಸರಿ ನೋಡ್ಲೇ ಇಲ್ಲ ನಾನು ಅಂತ ಅನಿಸಿತು. ಸರಿಯಾಗಿ ಒಂದು ಮಾಡುವ ಅಂತ ಹಟ ಬಂತು."

ಓಡುವ ಗಾಡಿಯನ್ನು ಅಳೆಯುವುದು ಹೇಗೆ? ಸಿಗ್ನಲ್ ಸಿಗದೆ ಒಂದು ಗೂಡ್ಸ್ ಗಾಡಿ ಗೇಟಿನ ಎದುರೇ ನಿಂತ ದಿನ ಪ್ರೇಮಾವತಿ ನಿಂತಲ್ಲಿಂದಲೇ ಅದರ ಕೆಳಗಿನ ಸ್ಲೀಪರ್‌ಗಳನ್ನು, ಎಂದರೆ ಹಳಿ ಹೊರುವ ಅಡ್ಡತೊಲೆಗಳನ್ನು, ಎಣಿಸಿದರು. ಒಂದು ವ್ಯಾಗನ್‌ಗೆ ಸುಮಾರು ಹದಿನೆಂಟು. ಎರಡು ಸ್ಲೀಪರ್‌ಗಳ ನಡುವಿನ ಅಂತರ ಗಂಡ ಹೇಳಿ ಗೊತ್ತಿತ್ತು. ಉದ್ದ ಸಿಕ್ಕಿತು. ಎತ್ತರಕ್ಕೆ, ಗಾಡಿಯ ಹಿಂದಿದ್ದ ವಿದ್ಯುತ್ ಕಂಬ ಎಲ್ಲಿಯವರೆಗೆ ಮರೆಯಾಗುತ್ತದೆಂದು ನೋಡಿಟ್ಟುಕೊಂಡರು. ಉಳಿದದ್ದನ್ನು ದಿನಕ್ಕೊಂದರಂತೆ ನೋಡಿದರು. ಇವತ್ತು ಬಾಗಿಲಿನ ಕೊಂಡಿ, ನಾಳೆ ಸ್ಪ್ರಿಂಗು, ನಾಡಿದ್ದು ಎರಡು ವ್ಯಾಗನ್ ಸೇರುವ ಜಾಗ. ಡ್ಯೂಟಿಯಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲು, ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ಚಿತ್ರ ಮಾಡುತ್ತಿದ್ದರು.

ಬೀಡಿ ಎಲೆ ಕತ್ತರಿಸಲು ಒಂದು ತಗಡಿನ ಅಚ್ಚು ಇರುತ್ತದೆ. ಅದನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸಿದರೆ ಎಲ್ಲ ಎಲೆಯೂ ಒಂದೇ ಅಳತೆ. ಪ್ರೇಮಾವತಿ ವ್ಯಾಗನ್‌ನ ಬದಿಗೂ ಅಂಥದ್ದೇ ಅಚ್ಚು ಮಾಡಿಕೊಂಡರು. ಎಲೆಯ ಬದಲು ಎಣ್ಣೆ ಡಬ್ಬದ ತಗಡು. ಡಬ್ಬ ಕೊಡುವುದು ಪಕ್ಕದ ಮನೆಯ ಸಫಿಯಮ್ಮ. ಈಕೆ ಪ್ರೇಮಾವತಿಯ ಜೊತೆ ಇಪ್ಪತ್ತು ವರ್ಷ ಬೀಡಿ ಕಟ್ಟಿದವರು. "ನಿನ್ನ ರೈಲು ಮಂಗಳೂರು ಮುಟ್ಟುವುದು ಯಾವಾಗ ಮಾರಾಯ್ತಿ?" ಎಂದು ಬೇಲಿಯಾಚೆಯಿಂದ ಕೇಳುತ್ತಲೇ ಖಾಲಿ ಡಬ್ಬ ದಾಟಿಸುತ್ತಾರೆ.

ಬೆಸುಗೆ ಹಾಕಲು ಕಲಿಸಿದವರು ಬಿ.ಸಿ. ರೋಡಿನಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಅಬ್ದುಲ್ ನಾಸಿರ್. ಇಪ್ಪತ್ತೊಂದು ವರ್ಷ ಗಲ್ಫಿನ ದಮ್ಮಾಮಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. "ಪ್ರೇಮಕ್ಕ ಒಂದು ದಿನ ಅಂಗಡಿಗೆ ಬಂದು ತಗಡಿನ ಎರಡು ತುಂಡು ಮೇಜಿನ ಮೇಲೆ ಇಟ್ರು. ಇದನ್ನು ಅಂಟಿಸ್ಲಿಕ್ಕೆ ಕಲಿಸ್ತೀರಾ ಕೇಳಿದ್ರು. ಕೊಡಿ, ಅಂಟಿಸಿ ಕೊಡ್ತೇನೆ ಅಂದೆ. ಬೇಡ, ಕಲಿಸಿ ಅಂದ್ರು" ಎಂದು ನೆನೆಯುತ್ತಾರೆ ನಾಸಿರ್. "ಹದಿನೈದು ದಿನದಲ್ಲಿ ನನಗಿಂತ ಸಪೂರ ಬೆಸುಗೆ ಹಾಕ್ಲಿಕ್ಕೆ ಸುರು. ಆಮೇಲೆ ನಾನು ಅವರ ಎದುರು ಬೆಸುಗೆ ಹಾಕುವುದೇ ಬಿಟ್ಟೆ. ಮರ್ಯಾದೆ ಪ್ರಶ್ನೆ!"

ನಾಸಿರ್ ಅವರ ಅಟ್ಟದಲ್ಲಿ ಒಂದು ಪೆಟ್ಟಿಗೆ ಇತ್ತು. ದಮ್ಮಾಮಿನ ಧಣಿಯ ಮನೆಯಲ್ಲಿ ಮಕ್ಕಳು ಆಡಿ ಬಿಟ್ಟ ಆಟದ ರೈಲು. ಎಸೆಯಲು ಮನಸ್ಸಾಗದೆ ಊರಿಗೆ ತಂದಿದ್ದರು. ಎರಡು ಇಂಜಿನ್, ಒಂದಿಷ್ಟು ಹಳಿ, ಜೊತೆಗೆ ಹನ್ನೊಂದು ಪುಟ್ಟ ಅದಿರು ವ್ಯಾಗನ್‌ಗಳು. ಎಲ್ಲವನ್ನೂ ಪ್ರೇಮಾವತಿಗೆ ಕೊಟ್ಟರು. ಅಲ್ಲಿಂದ ಸಂಗ್ರಹ ಬೆಳೆಯಿತು. ನಾಸಿರ್ ಅವರ ಗೆಳೆಯರು ಗಲ್ಫಿನಿಂದ ಬರುವಾಗ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಹಳಿ, ಚಕ್ರ, ಒಂದೊಂದು ವ್ಯಾಗನ್ ತಂದುಕೊಡುತ್ತಾರೆ. ಪರದೇಶದ ಈ ವ್ಯಾಗನ್‌ಗಳು ಈಗ ಇಪ್ಪತ್ತಾರು. ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಂತಿವೆ.

"ಇವು ನಮ್ಮದರ ಅರ್ಧ ಉದ್ದ, ನೋಡಿ" ಎಂದು ಒಂದನ್ನು ಕೈಗಿಡುತ್ತಾರೆ. "ಯಾಕೆ ಇಷ್ಟು ಗಿಡ್ಡ ಅಂತ ತುಂಬಾ ಸಮಯ ತಲೆಬಿಸಿ ಮಾಡಿಕೊಂಡೆ. ಅದಿರು ಭಾರ ಅಲ್ವಾ? ಸ್ವಲ್ಪ ಹಾಕಿದ್ರೆ ಸಾಕು, ತೂಕ ಆಯ್ತು. ದೊಡ್ಡ ಪೆಟ್ಟಿಗೆ ಎಂತಕ್ಕೆ? ಅಲ್ಲಿಯವರು ಅದಿರಿಗೇ ಅಂತ ವ್ಯಾಗನ್ ಮಾಡಿದ್ದಾರೆ. ನಮ್ಮದು ಹಾಗಲ್ಲ, ಕಲ್ಲಿದ್ದಲೂ ಅದರಲ್ಲೇ, ಅದಿರೂ ಅದರಲ್ಲೇ. ನಮ್ಮ ಮನೆಯ ದೊಡ್ಡ ಪಾತ್ರೆ ಇದ್ದ ಹಾಗೆ."

ಮೊದಲ ವ್ಯಾಗನ್‌ಗೆ ಏಳು ತಿಂಗಳು ಹಿಡಿಯಿತು. ಕೈ ಪಳಗಿದ ಮೇಲೆ ಎರಡು ತಿಂಗಳಿಗೆ ಒಂದು. ಒಂದಕ್ಕೆ ಎಂಟು ಚಕ್ರ, ಐವತ್ತೆಂಟಕ್ಕೆ ನಾನೂರ ಅರವತ್ತನಾಲ್ಕು. ಎಲ್ಲ ಮುಗಿಯಲು ಹನ್ನೆರಡು ವರ್ಷ. ಊರಿನಲ್ಲಿ ಎಲ್ಲರೂ ಮೆಚ್ಚಿದರೆಂದು ಹೇಳುವಂತಿಲ್ಲ. "ಗಂಡ ಹೋದವಳಿಗೆ ಆಟದ ಸಾಮಾನಿನ ಮರುಳು" ಎಂದು ನೆಂಟರೊಬ್ಬರು ಮದುವೆ ಊಟದ ಪಂಕ್ತಿಯಲ್ಲೇ ಹೇಳಿದ್ದುಂಟು. ಪ್ರೇಮಾವತಿ ಸಾರು ಹಾಕಿಸಿಕೊಂಡು, "ಹೌದು, ಒಮ್ಮೆ ಬಂದು ನೋಡಿ" ಎಂದರಂತೆ. ಆ ನೆಂಟರು ಬಂದರು. ಎರಡು ಗಂಟೆ ಎದ್ದೇಳಲಿಲ್ಲ. ಈಗ ಅವರೇ ಸ್ವಿಚ್ಚು ತಿರುಗಿಸಲು ಬರುತ್ತಾರೆ.

ಈ ಮರುಳು ಒಂದು ದಿನ ದೊಡ್ಡ ಕೆಲಸಕ್ಕೆ ಬಂತು. ಐದು ವರ್ಷದ ಹಿಂದಿನ ಒಂದು ಜುಲೈ, ಮಳೆ ಹಿಡಿದ ಮುಂಜಾನೆ. ಅದಿರು ತುಂಬಿದ ಗಾಡಿ ಗೇಟು ದಾಟುತ್ತಿತ್ತು. ಲೆಕ್ಕ ನಲವತ್ತೊಂದಕ್ಕೆ ಬಂದಾಗ ಪ್ರೇಮಾವತಿಯ ಬಾಯಿ ನಿಂತುಹೋಯಿತು. ಆ ವ್ಯಾಗನ್‌ನ ಕೆಳಗೆ ಬ್ರೇಕಿನ ಅಡ್ಡಸರಳಿನ ಒಂದು ತುದಿ ಕಳಚಿ ಜೋತಾಡುತ್ತಿತ್ತು. ಅದು ಹಳಿಯ ನಡುವೆ ಬಿದ್ದರೆ ಹಿಂದಿನ ಹದಿನೇಳು ವ್ಯಾಗನ್‌ಗಳು ಅದರ ಮೇಲೆ ಹತ್ತಬೇಕು. ಮುಂದೆ ಸೇತುವೆ.

"ಅದರ ಮುಂಚಿನ ವಾರವಷ್ಟೇ ಆ ಸರಳನ್ನು ನಾನು ತಂತಿಯಲ್ಲಿ ಮಾಡಿದ್ದು. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿ ಆದದ್ದು. ಹಾಗಾಗಿ ಅದು ಇರುವ ಜಾಗದಲ್ಲಿ ಇಲ್ಲದ್ದು ಕಣ್ಣಿಗೆ ಚುಚ್ಚಿದ ಹಾಗಾಯ್ತು" ಎನ್ನುತ್ತಾರೆ. ಹಸಿರು ಬಾವುಟ ಬಿಸಾಡಿ ಕೆಂಪು ಬಾವುಟ ಬಿಚ್ಚಿ ಗಾರ್ಡಿಗೆ ಬೀಸಿದರು. ಓಡಿ ಹೋಗಿ ಸ್ಟೇಷನ್ ಮಾಸ್ಟರಿಗೆ ಫೋನು ಮಾಡಿದರು. ಗಾಡಿ ಸೇತುವೆಗಿಂತ ಈಚೆಯೇ ನಿಂತಿತು. ಫೋನಿನಲ್ಲಿ "ಎಷ್ಟನೆಯ ವ್ಯಾಗನ್ ಅಂದಾಜು?" ಎಂದು ಕೇಳಿದ್ದಕ್ಕೆ ಅವರು, "ಅಂದಾಜು ಅಲ್ಲ ಸಾರ್, ಮುಂದಿನಿಂದ ನಲವತ್ತೊಂದು" ಎಂದಿದ್ದರು. ಹೋಗಿ ನೋಡಿದರೆ ನಲವತ್ತೊಂದೇ. ಇಲಾಖೆ ಪ್ರಶಸ್ತಿಪತ್ರ ಕೊಟ್ಟಿತು. ಅದು ಗೋಡೆಯಲ್ಲಿಲ್ಲ. ಕೇಳಿದರೆ, "ಉಂಟು, ಕಪಾಟಿನಲ್ಲಿ. ಗೋಡೆಯಲ್ಲಿ ವ್ಯಾಗನ್‌ಗೇ ಜಾಗ ಸಾಕಾಗುವುದಿಲ್ಲ" ಎನ್ನುತ್ತಾರೆ.

ಆದರೆ ಐವತ್ತೆಂಟನ್ನೂ ಒಟ್ಟಿಗೆ ಕಟ್ಟಿ ಓಡಿಸಿದ ದಿನವೇ ಪ್ರೇಮಾವತಿಗೆ ದೊಡ್ಡ ದಿನ. ಮಗಳು ಜ್ಯೋತ್ಸ್ನಾ ಈಗ ಮೂಡುಬಿದಿರೆ ಹತ್ತಿರದ ಬೆಳುವಾಯಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಳೆದ ಡಿಸೆಂಬರಿನಲ್ಲಿ ಶಾಲೆಯ ವಿಜ್ಞಾನ ಮೇಳಕ್ಕೆ ಸಭಾಂಗಣದ ನೆಲ ಪೂರ್ತಿ ಅಮ್ಮನಿಗೆ ಬಿಟ್ಟುಕೊಡಿಸಿದರು. ನಾಸಿರ್ ಅವರ ಓಮ್ನಿಯಲ್ಲಿ ವ್ಯಾಗನ್‌ಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಸಾಗಿಸಿದ್ದಾಯಿತು. ತೋಡಾರಿನ ಹತ್ತಿರ ರಸ್ತೆಯ ಒಂದು ಹಂಪಿನಲ್ಲಿ ಓಮ್ನಿ ಹಾರಿದಾಗ ಪ್ರೇಮಾವತಿ, "ನಾಸಿರಣ್ಣ, ಇದು ಅದಿರು, ಆಲೂಗಡ್ಡೆ ಅಲ್ಲ!" ಎಂದು ಕಿರುಚಿದ್ದನ್ನು ನಾಸಿರ್ ಇಂದಿಗೂ ಎಲ್ಲರಿಗೂ ಹೇಳುತ್ತಾರೆ.

ಅಷ್ಟೆಲ್ಲ ಮಾಡಿ ಗಾಡಿ ಓಡಲಿಲ್ಲ. ಹೊರಟಿತು, ಮೊದಲ ತಿರುವು ತಿರುಗಿತು, ಒಮ್ಮೆಲೇ ಮುಂದಿನ ಎಂಟು ಹತ್ತು ವ್ಯಾಗನ್‌ಗಳು ತಿರುವಿನ ಒಳಬದಿಗೆ ಪಟಪಟ ಉರುಳಿದವು. ಎತ್ತಿ ನಿಲ್ಲಿಸಿದರು. ಪುನಃ ಅದೇ. ಮೂರನೇ ಸಲವೂ ಅದೇ. ಸುತ್ತ ಇನ್ನೂರು ಮಂದಿ. ಯಾರೋ ಹಿಂದಿನಿಂದ "ಇಪ್ಪತ್ತೇ ಓಡಿಸಿದರೆ ಸಾಕು, ಚಂದ ಕಾಣ್ತದೆ" ಎಂದರು. ಜ್ಯೋತ್ಸ್ನಾ ಅಮ್ಮನ ಕಿವಿಯ ಹತ್ತಿರ ಬಂದು, "ಅಮ್ಮ, ಹಾಗೇ ಮಾಡುವನಾ?" ಎಂದು ಕೇಳಿದರು.

"ಬೇಡ ಅಂದೆ" ಎನ್ನುತ್ತಾರೆ ಪ್ರೇಮಾವತಿ. "ನಾನು ಬಂದದ್ದು ಇಪ್ಪತ್ತು ಓಡಿಸ್ಲಿಕ್ಕೆ ಅಲ್ಲ. ಇಪ್ಪತ್ತು ಮನೆಯಲ್ಲೇ ಓಡ್ತದೆ."

ಸೀರೆಯ ಸೆರಗು ಸೊಂಟಕ್ಕೆ ಕಟ್ಟಿ ತಿರುವಿನ ಹತ್ತಿರ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದರು. ಗಾಡಿಯನ್ನು ಮೆಲ್ಲ ಮೆಲ್ಲ ಬಿಡಲು ನಾಸಿರ್‌ಗೆ ಹೇಳಿದರು. ನೋಡುತ್ತ ನೋಡುತ್ತ ಗೊತ್ತಾಯಿತು. ಮುಂದೆ ಕಟ್ಟಿದ್ದು ಹೊಸ ವ್ಯಾಗನ್‌ಗಳು. ತೆಳು ತಗಡಿನವು, ಖಾಲಿ. ಬಣ್ಣ ಹಾಳಾಗಬಾರದೆಂದು ಅವಕ್ಕೆ ಏನೂ ತುಂಬಿಸಿರಲಿಲ್ಲ. ಹಿಂದೆ ಕಟ್ಟಿದ್ದು ಹಳೆಯವು, ದಪ್ಪ ತಗಡಿನವು. ಅದಿರಿನ ಬದಲಿಗೆ ಜರಡಿ ಹಿಡಿದ ಕೆಂಪು ಮುರಕಲ್ಲಿನ ಪುಡಿ ತುಂಬಿದವು. ಹಿಂದಿನ ಭಾರ ಎಳೆಯುವಾಗ ಮುಂದಿನ ಹಗುರದವು ತಿರುವಿನಲ್ಲಿ ಒಳಗೆ ವಾಲುತ್ತಿದ್ದವು.

"ಚಂದದ್ದನ್ನು ಮುಂದೆ ಇಟ್ಟದ್ದು. ನನ್ನ ಅಹಂಕಾರ, ಬೇರೇನಲ್ಲ" ಎಂದು ಈಗ ನಗುತ್ತಾರೆ. ಐವತ್ತೆಂಟನ್ನೂ ಬಿಚ್ಚಿದರು. ಒಂದೊಂದನ್ನು ಅಂಗೈಯಲ್ಲಿಟ್ಟು ತೂಗಿ, ಭಾರದ್ದು ಮುಂದೆ, ಹಗುರದ್ದು ಹಿಂದೆ. ತಕ್ಕಡಿ ತರುತ್ತೇನೆಂದು ಶಾಲೆಯ ಬಿಸಿಯೂಟದ ಅಡುಗೆಯವರು ಹೇಳಿದರೂ ಬೇಡವೆಂದರು. ಬೀಡಿಯ ಕಟ್ಟನ್ನು ಕೈಯಲ್ಲಿ ಹಿಡಿದೇ ಒಂದು ಬೀಡಿ ಕಡಿಮೆಯಿದೆಯೆಂದು ಹೇಳುತ್ತಿದ್ದವರಿಗೆ ತಕ್ಕಡಿ ಯಾಕೆ? ನಲವತ್ತು ನಿಮಿಷ ಬೇಕಾಯಿತು. ಯಾರೂ ಎದ್ದುಹೋಗಲಿಲ್ಲ. ಚಹಾ, ಗೋಳಿಬಜೆ ಅಲ್ಲಿಗೇ ಬಂತು.

ನಾಲ್ಕನೇ ಸಲ ಗಾಡಿ ಹೊರಟಿತು. ಮೊದಲ ತಿರುವು. ಇಂಜಿನ್‌ಗಳು ದಾಟಿದವು. ಹತ್ತು, ಇಪ್ಪತ್ತು, ಮೂವತ್ತು. ಮಕ್ಕಳು ಗಟ್ಟಿಯಾಗಿ ಎಣಿಸತೊಡಗಿದರು. ಐವತ್ತೈದು, ಐವತ್ತಾರು, ಐವತ್ತೇಳು. ಕೊನೆಯದು ನೆಟ್ಟಗೆ ನಿಂತೇ ತಿರುವು ದಾಟಿದಾಗ ಇಡೀ ಸಭಾಂಗಣ ಕೂಗಿತು. ಪ್ರೇಮಾವತಿಗೆ ಮಾತ್ರ ತಾನೇನು ಮಾಡುತ್ತಿದ್ದೇನೆಂಬ ಎಚ್ಚರವಿರಲಿಲ್ಲ. ಗಾರ್ಡ್ ಡಬ್ಬಿ ಎದುರು ಬಂದಾಗ ಎದ್ದು ನಿಂತು, ಬಲಗೈ ಚಾಚಿ, ಇಲ್ಲದ ಬಾವುಟ ಬೀಸಿದರು.

ಹಳಿಯ ಆಚೆ ಬದಿಯಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕೈಯೆತ್ತಿ ಬೀಸಿ ಉತ್ತರ ಕೊಟ್ಟರು.

ಅವರು ಕೊಕ್ಕಡದ ಶಿವಸುಬ್ರಹ್ಮಣ್ಯ, ಗೂಡ್ಸ್ ಗಾಡಿಯ ನಿವೃತ್ತ ಗಾರ್ಡ್. ಮಗಳು ಶರಣ್ಯಾ ಅದೇ ಶಾಲೆಯ ಗಣಿತದ ಟೀಚರ್. ಅವರ ಒತ್ತಾಯಕ್ಕೆ ಮೇಳ ನೋಡಲು ಬಂದಿದ್ದರು. ಜನ ಕರಗಿದ ಮೇಲೆ ಮೆಲ್ಲ ಹತ್ತಿರ ಬಂದರು.

"ಮಳೆಯಲ್ಲಿ ಕೊಡೆ ಬಿಡಿಸದೆ ನಿಲ್ಲುವ ಗೇಟ್ ಕೀಪರ್ ನೀವೇ ಅಲ್ವಾ?" ಎಂದು ಕೇಳಿದರು.

"ಹೌದು. ಕೊಡೆ ಹಿಡಿದ್ರೆ ಗಾಡಿಯ ಕೆಳಗೆ ಕಾಣುವುದಿಲ್ಲ" ಎಂದರು ಪ್ರೇಮಾವತಿ. ಆಮೇಲೆ ಅವರ ಮುಖವನ್ನೇ ನೋಡಿ, "ನೀವು ಎಡಗೈಯಲ್ಲಿ ಬಾವುಟ ಬೀಸುವವರು!" ಎಂದರು.

ಒಂಬತ್ತು ವರ್ಷ, ವಾರಕ್ಕೆ ಒಂದೆರಡು ಸಲ, ಒಬ್ಬರು ಹಳಿಯ ಪಕ್ಕದಿಂದ ಮತ್ತು ಇನ್ನೊಬ್ಬರು ಓಡುವ ಡಬ್ಬಿಯಿಂದ ಪರಸ್ಪರ ಬಾವುಟ ತೋರಿಸಿದವರು. ಹೆಸರು ಗೊತ್ತಿರಲಿಲ್ಲ, ದನಿ ಕೇಳಿರಲಿಲ್ಲ. ಆ ಜುಲೈಯ ಗಾಡಿಯಲ್ಲಿ ತಾನೇ ಇದ್ದೆನೋ ಎಂದು ಶಿವಸುಬ್ರಹ್ಮಣ್ಯ ಲೆಕ್ಕ ಹಾಕಿದರು. "ಅಲ್ಲ, ಆ ದಿನ ಬಲಗೈಯವರು" ಎಂದು ಪ್ರೇಮಾವತಿ ಖಚಿತವಾಗಿ ಹೇಳಿಬಿಟ್ಟರು. ಶಿವಸುಬ್ರಹ್ಮಣ್ಯರಿಗೆ ಸ್ವಲ್ಪ ನಿರಾಸೆಯಾಯಿತಂತೆ.

ಶಿವಸುಬ್ರಹ್ಮಣ್ಯರ ಮಾತು ನಮಗೆ ದೂರವಾಣಿಯಲ್ಲಿ ಸಿಕ್ಕಿತು. "ನೋಡಿ, ಗಾರ್ಡ್ ಅಂದರೆ ಒಂಟಿ ಬದುಕು. ಗಂಟೆಗಟ್ಟಲೆ ಒಬ್ಬ ಮನುಷ್ಯ ಇಲ್ಲ. ಕೆಲವು ಗೇಟುಗಳಲ್ಲಿ ಬಾವುಟ ಸುಮ್ಮನೆ ತೋರಿಸ್ತಾರೆ. ಈಕೆ ನಿಜವಾಗಿ ನೋಡಿಯೇ ತೋರಿಸುವವರು. ಅವರ ಗೇಟು ದಾಟಿದ ಮೇಲೆ ನಾನು ಧೈರ್ಯದಲ್ಲಿ ಬುತ್ತಿ ಬಿಚ್ಚುತ್ತಿದ್ದೆ."

ಈ ಮಾತನ್ನು ಪ್ರೇಮಾವತಿಗೆ ದಾಟಿಸಿದೆವು. ಅವರು, "ಬುತ್ತಿಗೆ ಎಂತ ಇತ್ತಂತೆ?" ಎಂದು ಕೇಳಿದರು.

ಈಗ ಅದಿರು ಗಾಡಿಗಳು ಮೊದಲಿನಷ್ಟಿಲ್ಲ. ಗೇಟಿನ ಜಾಗದಲ್ಲಿ ಕೆಳಸೇತುವೆ ಆಗುತ್ತದೆಂಬ ಮಾತೂ ಇದೆ, ಅಳತೆಯ ಕಲ್ಲನ್ನೂ ನೆಟ್ಟಿದ್ದಾರೆ. ಆದರೆ ಬೇರೆ ಗೇಟಿಗೆ ಹೋದರಾಯಿತು ಎಂದು ಪ್ರೇಮಾವತಿ ನಿಶ್ಚಿಂತೆಯಿಂದಿದ್ದಾರೆ. "ಜನಕ್ಕೆ ಕಾಯುವುದು ತಪ್ಪುತ್ತದೆ, ಒಳ್ಳೆಯದೇ. ಆಂಬುಲೆನ್ಸ್ ನಿಂತದ್ದು ನೋಡಿದವಳು ನಾನು." ನಿವೃತ್ತಿಗೆ ಇನ್ನು ಎಂಟು ವರ್ಷ. ಆಸೆ ಏನಾದರೂ ಉಂಟಾ ಎಂದು ಕೇಳಿದೆವು.

ಉಂಟಂತೆ. ಮಂಗಳೂರಿನ ಬಂದರಿನಲ್ಲಿ ಅದಿರಿನ ವ್ಯಾಗನ್‌ಗಳನ್ನು ಖಾಲಿ ಮಾಡುವ ಜಾಗವನ್ನು ಒಮ್ಮೆ ನೋಡಬೇಕು. ಶಿವಸುಬ್ರಹ್ಮಣ್ಯ ಅದಕ್ಕಾಗಿ ಒಂದು ಅರ್ಜಿ ಬರೆದುಕೊಟ್ಟಿದ್ದಾರೆ. ಉತ್ತರ ಬಂದಿಲ್ಲ.

"ಅಲ್ಲಿ ಹೋಗಿ ಎಂತ ಮಾಡ್ತೀರಿ?"

"ಎಂತ ಇಲ್ಲ ಮಾರಾಯ್ರೆ. ಏಣಿ ಇಟ್ಟು ಒಂದು ವ್ಯಾಗನ್‌ನ ಒಳಗೆ ಇಣುಕಬೇಕು, ಅಷ್ಟೇ" ಎನ್ನುತ್ತಾರೆ ಪ್ರೇಮಾವತಿ. "ಹದಿನೈದು ವರ್ಷ ಕೆಳಗೆ ನಿಂತು ಹೊರಗಿಂದ ನೋಡಿದ್ದು ಮಾತ್ರ. ಒಳಗೆ ಹೇಗೆ ಉಂಟು ಅಂತ ನಾನು ಕಣ್ಣಾರೆ ನೋಡ್ಲಿಲ್ಲ. ನನ್ನ ಐವತ್ತೆಂಟರ ಒಳಗೂ ಅಂದಾಜಿನಲ್ಲಿ ಮಾಡಿದ್ದು."

ಅಂದಾಜು ತಪ್ಪಾಗಿದ್ದರೆ?

ಪ್ರೇಮಾವತಿ ಮೇಜಿನ ಮೇಲಿನ ಒಂದು ವ್ಯಾಗನ್ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಒಳಗೆ ಉಫ್ ಎಂದು ಊದಿ ಧೂಳು ಹಾರಿಸುತ್ತಾರೆ.

"ತಪ್ಪಾದ್ರೆ ಎಲ್ಲ ಬಿಚ್ಚಿ ಪುನಃ ಮಾಡ್ತೇನೆ. ಎಂಟು ವರ್ಷ ಉಂಟಲ್ಲ."